‘ಆಕ್ಸಿಲರೇಟ್’: ವೇಗದ ಮಾತೋ, ವೇಗ ಏರುವ ಮಾತೋ?

ಪ್ರಶ್ನೆ: ನನ್ನ ಅರ್ಜಿಯೊಂದು ಒಂದು ತಿಂಗಳಿಂದ ಬಾಕಿ ಇತ್ತು. ಬೇಗ ನೋಡಿ ಎಂದು ಕೇಳಲು ‘ಪ್ಲೀಸ್ ಆಕ್ಸಿಲರೇಟ್ ಮೈ ಅಪ್ಲಿಕೇಶನ್’ ಎಂದು ಮೇಲ್ ಬರೆದೆ. ಜೊತೆಯಲ್ಲಿ ಕೆಲಸ ಮಾಡುವವರು ಆ ಪದ ಇಲ್ಲಿ ಸರಿಯಾಗಿ ಕೂರುವುದಿಲ್ಲ ಎಂದರು. ಯಾಕೆ ಎಂದು ಹೇಳಲಿಲ್ಲ. ಡಿಕ್ಷನರಿಯಲ್ಲಿ ‘ವೇಗ ಹೆಚ್ಚಿಸು’ ಎಂದೇ ಇದೆ. ‘ಸ್ಪೀಡ್ ಅಪ್’, ‘ಎಕ್ಸ್‌ಪಿಡೈಟ್’, ‘ಹೇಸನ್’ ಎಲ್ಲಾ ಒಂದೇ ಅಲ್ವಾ? ಇನ್ನೊಂದು ಸಂಶಯ. ಪೇಪರಿನಲ್ಲಿ ‘ಗ್ರೋತ್ ಡಿಸೆಲರೇಟೆಡ್’ ಎಂದು ಬಂದರೆ ಬೆಳವಣಿಗೆ ಬಿದ್ದುಹೋಗಿದೆ ಎಂದು ಅರ್ಥವೇ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಡಿಕ್ಷನರಿ ನಿಮಗೆ ಸುಳ್ಳು ಹೇಳಿಲ್ಲ. ಆದರೆ ‘ವೇಗ ಹೆಚ್ಚಿಸು’ ಎಂದು ಓದಿದ ತಕ್ಷಣ ನಮ್ಮ ಗಮನವೆಲ್ಲ ‘ವೇಗ’ದ ಮೇಲೆ ಹೋಗಿ ಕೂರುತ್ತದೆ. ‘ಹೆಚ್ಚಿಸು’ ಎಂಬುದನ್ನು ಹಾಗೇ ದಾಟಿಬಿಡುತ್ತೇವೆ. ಈ ಪದದ ಜೀವ ಇರುವುದು ಅಲ್ಲೇ. ಎಷ್ಟು ವೇಗ ಇದೆ ಎಂಬುದು ‘ಆಕ್ಸಿಲರೇಟ್’ಗೆ ಬೇಕಿಲ್ಲ. ಈಗಿರುವ ವೇಗ ಸ್ವಲ್ಪ ಹೊತ್ತಿನ ಹಿಂದೆ ಇದ್ದದ್ದಕ್ಕಿಂತ ಜಾಸ್ತಿ ಆಗಿದೆಯೇ, ಅಷ್ಟನ್ನೇ ಅದು ನೋಡುತ್ತದೆ.

ವಿಮಾನದಲ್ಲಿ ಕೂತಿದ್ದನ್ನು ನೆನಪಿಸಿಕೊಳ್ಳಿ. ರನ್‌ವೇ ತುದಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ಇಂಜಿನ್ ಗುಡುಗುತ್ತದೆ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ತಲೆ ಹಿಂದಕ್ಕೆ ಹೋಗುತ್ತದೆ. ಆಗ ವಿಮಾನದ ವೇಗ ಅಂಥದ್ದೇನೂ ಇರುವುದಿಲ್ಲ, ಮೊದಲ ಕೆಲವು ಸೆಕೆಂಡುಗಳಲ್ಲಿ ರಸ್ತೆಯ ಕಾರಿನಷ್ಟೇ. ಒಂದು ಗಂಟೆ ಕಳೆದ ಮೇಲೆ ಅದೇ ವಿಮಾನ ಗಂಟೆಗೆ 900 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುತ್ತಿರುತ್ತದೆ. ಮುಂದಿನ ಟ್ರೇ ಮೇಲೆ ಇಟ್ಟ ಲೋಟದ ನೀರು ಅಲುಗುವುದೂ ಇಲ್ಲ. ಬೆನ್ನಿಗೆ ಯಾವ ಒತ್ತಡವೂ ಇಲ್ಲ. ಇಂಗ್ಲಿಷಿನಲ್ಲಿ ರನ್‌ವೇ ಮೇಲಿನ ಆ ಹೊತ್ತಿಗೆ ‘ದ ಪ್ಲೇನ್ ಈಸ್ ಆಕ್ಸಿಲರೇಟಿಂಗ್’ ಎನ್ನುತ್ತಾರೆ. ಮೇಲೆ ಸಮವಾಗಿ ಹಾರುವಾಗ ಆ ಮಾತು ತಪ್ಪು. ಅಲ್ಲಿ ಇರುವುದು ‘ಸ್ಪೀಡ್’ ಮಾತ್ರ. ಬೆನ್ನಿಗೆ ತಗುಲಿದ ಆ ಒತ್ತಡವೇ ‘ಆಕ್ಸಿಲರೇಟ್’ನ ಅರ್ಥ ಎಂದುಕೊಂಡರೆ ಮುಂದಿನದೆಲ್ಲ ಸಲೀಸಾಗುತ್ತದೆ.

ಆದ್ದರಿಂದಲೇ ‘ಆಕ್ಸಿಲರೇಟ್ ಸ್ಲೋಲಿ’ ಎಂಬುದು ಕೇಳಲು ವಿಚಿತ್ರ ಅನಿಸಿದರೂ ಪೂರ್ತಿ ಸರಿ. ಡ್ರೈವಿಂಗ್ ಕಲಿಸುವವರು ದಿನಾ ಹೇಳುವ ಮಾತದು. ವೇಗವನ್ನು ನಿಧಾನವಾಗಿ ಏರಿಸು ಎಂದರ್ಥ. ‘ಆಕ್ಸಿಲರೇಟ್ ಕ್ವಿಕ್ಲಿ’ ಎಂದರೆ ಕಡಿಮೆ ಹೊತ್ತಿನಲ್ಲಿ ಏರಿಸು ಎಂದು. ಅದರಲ್ಲೂ ಹೇಳಿದ್ದನ್ನೇ ಹೇಳಿದ ದೋಷವಿಲ್ಲ. ಆದರೆ ‘ಆಕ್ಸಿಲರೇಟ್ ದ ಸ್ಪೀಡ್’ ಎಂದು ಬರೆದರೆ ದೋಷವೇ, ಯಾಕೆಂದರೆ ವೇಗ ಎಂಬುದು ಆ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಅದರ ಬದಲು ‘ಇನ್‌ಕ್ರೀಸ್ ದ ಸ್ಪೀಡ್’ ಎನ್ನಿ, ಇಲ್ಲವೇ ಬರೀ ‘ಆಕ್ಸಿಲರೇಟ್’ ಎನ್ನಿ. ‘ಆಕ್ಸಿಲರೇಟ್ ದ ಪೇಸ್’ ಮಾತ್ರ ಇಂಗ್ಲಿಷ್ ಮನೆಮಾತಿನವರೇ ಧಾರಾಳವಾಗಿ ಬರೆಯುತ್ತಾರೆ. ಅದನ್ನು ತಪ್ಪು ಎಂದು ನಾನು ಗೆರೆ ಎಳೆಯುವುದಿಲ್ಲ.

ಇದೇ ಲೆಕ್ಕದಲ್ಲಿ ‘ಐ ಆಕ್ಸಿಲರೇಟೆಡ್ ಟು ದ ಸ್ಟೇಷನ್’ ಎಂದು ಯಾರಾದರೂ ಬರೆದರೆ ‘ಬೇಗ ಬೇಗ ಸ್ಟೇಷನ್ನಿಗೆ ಹೋದೆ’ ಎಂಬ ಅರ್ಥ ಬರುವುದಿಲ್ಲ. ಅದಕ್ಕೆ ‘ಹರೀಡ್’, ‘ರಶ್ಡ್’ ಇದೆ. ‘ಆಕ್ಸಿಲರೇಟ್’ ಆದಮೇಲೆ ‘ಟು’ ಬಂದರೆ ಸಾಮಾನ್ಯವಾಗಿ ಅದರ ಮುಂದೆ ಒಂದು ಅಂಕಿ ಬರುತ್ತದೆ, ‘ಆಕ್ಸಿಲರೇಟೆಡ್ ಟು 80’ ಅನ್ನುವಂತೆ. ಜಾಗ ಬಂದರೆ ‘ಟುವರ್ಡ್ಸ್’, ‘ಅವೇ ಫ್ರಮ್’, ‘ಪಾಸ್ಟ್’ ಎಂದು ಹೇಳುತ್ತಾರೆ.

ಈ ಪದ ಬಂದದ್ದು ಲ್ಯಾಟಿನ್‌ನಿಂದ. ಅಲ್ಲಿ ‘ಕೆಲೆರ್’ ಎಂದರೆ ಚುರುಕಾದ, ಬಿರುಸಾದ. ‘ಆದ್’ ಎಂದರೆ ಕಡೆಗೆ. ಎರಡೂ ಸೇರುವಾಗ ‘ಆದ್’ನ ದ ಕಾರ ಪಕ್ಕದ ಕ ಕಾರಕ್ಕೆ ಒಲಿದು ‘ಅಕ್ಕೆಲೆರಾರೆ’ ಆಯಿತು. ಇಂಗ್ಲಿಷಿನ ಕಾಗುಣಿತದಲ್ಲಿ ಎರಡು ‘ಸಿ’ ಬಂದದ್ದು ಹೀಗೆ. ಮೂಲದಲ್ಲೇ ‘ಚುರುಕಿನ ಕಡೆಗೆ’ ಎಂಬ ಭಾವ ಇರುವುದನ್ನು ಗಮನಿಸಿ. ಚುರುಕಾಗಿ ಇರುವುದಲ್ಲ, ಅದರ ಕಡೆಗೆ ಸಾಗುವುದು. ಇಂಗ್ಲಿಷಿಗೆ ಇದು 16ನೇ ಶತಮಾನದಲ್ಲಿ ಬಂತು. ಆಗ ಮೋಟಾರು ಗಾಡಿಗಳಿರಲಿಲ್ಲ. ಬೇಗ ಆಗುವಂತೆ ಮಾಡುವುದು ಎಂಬ ಅರ್ಥದಲ್ಲೇ ಬಳಸುತ್ತಿದ್ದರು. ಕಾರು, ಪೆಡಲ್ ಎಲ್ಲಾ ಆಮೇಲಿನ ಮಾತು.

ಉಚ್ಚಾರಣೆ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಶುರುವಾಗುವುದು ಅಲ್ಲೇ. ಆ ಎರಡು ‘ಸಿ’ಗಳಲ್ಲಿ ಮೊದಲನೆಯದು ಕ್, ಎರಡನೆಯದು ಸ್. ‘ಅಕ್ಸೆಪ್ಟ್’, ‘ಆಕ್ಸಿಡೆಂಟ್’, ‘ಸಕ್ಸೆಸ್’ ಇವುಗಳಲ್ಲೂ ಹಾಗೇ. ಎರಡನೇ ‘ಸಿ’ ಮುಂದೆ ‘ಇ’ ಅಥವಾ ‘ಐ’ ಅಕ್ಷರ ಬಂದಾಗ ಹೀಗಾಗುತ್ತದೆ. ‘ಅಕೌಂಟ್’, ‘ಅಕ್ಯೂಸ್’ ಇವುಗಳಲ್ಲಿ ಮುಂದೆ ‘ಒ’, ‘ಯು’ ಅಕ್ಷರಗಳಿವೆ, ಹಾಗಾಗಿ ಬರೀ ಕ್. ಒತ್ತು ಬೀಳುವುದು ಎರಡನೇ ತುಂಡಿನ ಮೇಲೆ: ಅಕ್-ಸೆ-ಲ-ರೇಟ್, ‘ಸೆ’ ಜೋರಾಗಿ. ನಾವು ಮಾತಿನಲ್ಲಿ ನಡುವಿನ ‘ರ’ ನುಂಗಿ ‘ಎಕ್ಸಲೇಟರ್’ ಎಂದುಬಿಡುತ್ತೇವೆ. ಕೇಳಿದವರಿಗೆ ಅದು ಗಾಡಿಯ ಪೆಡಲ್ಲೋ, ಮಾಲ್‌ನಲ್ಲಿರುವ ಚಲಿಸುವ ಮೆಟ್ಟಿಲೋ ಗೊತ್ತಾಗುವುದಿಲ್ಲ. ಮೆಟ್ಟಿಲು ‘ಎಸ್ಕಲೇಟರ್’. ಅದು ಬೇರೆಯೇ ಪದ. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಆ ಮೆಟ್ಟಿಲನ್ನು ಜನ ಬೆರಗಿನಿಂದ ನೋಡಿದಾಗ ಅದು ಒಂದು ಕಂಪನಿಯ ವ್ಯಾಪಾರದ ಹೆಸರಾಗಿತ್ತು. ‘ಎಸ್ಕಲೇಟ್’ ಎಂಬ ಕ್ರಿಯಾಪದ ಹುಟ್ಟಿದ್ದು ಆ ಹೆಸರಿನಿಂದ, ಹಿಂದುಮುಂದಾಗಿ. ಅದರ ಅರ್ಥ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಜಗಳ ‘ಎಸ್ಕಲೇಟ್’ ಆಗುತ್ತದೆ, ದೂರನ್ನು ಮೇಲಿನವರಿಗೆ ‘ಎಸ್ಕಲೇಟ್’ ಮಾಡುತ್ತಾರೆ. ಅಲ್ಲಿ ಏರುವುದು ತೀವ್ರತೆ ಅಥವಾ ಮಟ್ಟ. ‘ಆಕ್ಸಿಲರೇಟ್’ನಲ್ಲಿ ಏರುವುದು ವೇಗ. ಕಸ್ಟಮರ್ ಸಪೋರ್ಟ್‌ನಲ್ಲಿ ಕೂತವರಿಗೆ ‘ಪ್ಲೀಸ್ ಆಕ್ಸಿಲರೇಟ್ ದಿಸ್ ಕಂಪ್ಲೇಂಟ್’ ಎಂದು ಬರೆದರೆ ‘ಮೇಲಿನವರಿಗೆ ಕಳಿಸಿ’ ಎಂಬುದು ಅವರಿಗೆ ತಲುಪುವುದಿಲ್ಲ.

ಕನ್ನಡದವರು ಎಡವುವ ಇನ್ನೊಂದು ಜಾಗ ಇದೆ. ನಮ್ಮ ಭಾಷೆಯಲ್ಲಿ ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ಬೇರೆ ಬೇರೆ ರೂಪ ಇದೆ. ಹೆಚ್ಚು, ಹೆಚ್ಚಿಸು. ಬೆಳೆ, ಬೆಳೆಸು. ಚುರುಕಾಗು, ಚುರುಕುಗೊಳಿಸು. ಆ ‘ಇಸು’ ಬಂದ ಕೂಡಲೇ ಯಾರೋ ಕೈ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ‘ಆಕ್ಸಿಲರೇಟ್’ನಲ್ಲಿ ಈ ಗುರುತು ಇಲ್ಲ. ‘ದ ವರ್ಕ್ ಆಕ್ಸಿಲರೇಟೆಡ್’ ಎಂದರೆ ಕೆಲಸ ತಾನಾಗಿ ಚುರುಕಾಯಿತು. ‘ದೇ ಆಕ್ಸಿಲರೇಟೆಡ್ ದ ವರ್ಕ್’ ಎಂದರೆ ಅವರು ಕೆಲಸವನ್ನು ಚುರುಕುಗೊಳಿಸಿದರು. ಕ್ರಿಯಾಪದ ಒಂದೇ. ಅದರ ಮುಂದೆ ಕರ್ಮ ಇದೆಯೇ ಎಂದು ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಕನ್ನಡದ ಅಭ್ಯಾಸದಿಂದ ‘ಇಸು’ಗೆ ಸಮನಾದದ್ದು ಏನೋ ಬೇಕು ಅನಿಸಿ ಕೆಲವರು ‘ಮೇಡ್ ಇಟ್ ಟು ಆಕ್ಸಿಲರೇಟ್’ ಎಂದು ಬರೆಯುತ್ತಾರೆ. ಬೇಡ. ‘ಆಕ್ಸಿಲರೇಟೆಡ್ ಇಟ್’ ಸಾಕು. ಹಾಗೆಯೇ ‘ಆಕ್ಸಿಲರೇಟ್ ಅಪ್’ ಎಂಬುದೂ ಇಲ್ಲ. ‘ಅಪ್’ ಬೇಕಿರುವುದು ‘ಸ್ಪೀಡ್’ಗೆ.

ಈಗ ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇದು ಬರೀ ಭಾಷೆಯ ಮಾತಲ್ಲ. ಸುದ್ದಿ ಓದುವ ಪ್ರತಿಯೊಬ್ಬರಿಗೂ ಬೇಕಾದದ್ದು. ಇಲ್ಲಿ ತಪ್ಪಿದರೆ ವಿಷಯವೇ ತಲೆಕೆಳಗಾಗುತ್ತದೆ.

ಅನುವಾದದ ಕೆಲಸ ಶುರುಮಾಡಿದ ದಿನಗಳಲ್ಲಿ ನಾನೇ ‘ಗ್ರೋತ್ ಡಿಸೆಲರೇಟೆಡ್’ ಎಂಬುದನ್ನು ‘ಬೆಳವಣಿಗೆ ಕುಸಿದಿದೆ’ ಎಂದು ಬರೆದಿದ್ದೆ. ತಿದ್ದುವವರು ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ ಕಳಿಸಿದರು: ‘ಬೆಳೆದಿದೆಯೋ ಇಲ್ಲವೋ?’ ಮೂಲ ತೆರೆದು ನೋಡಿದೆ. ಬೆಳೆದಿತ್ತು. ಹಿಂದಿನ ವರ್ಷದಷ್ಟು ಬಿರುಸಾಗಿ ಬೆಳೆದಿರಲಿಲ್ಲ, ಅಷ್ಟೇ. ಆ ಒಂದು ಪ್ರಶ್ನೆಯನ್ನು ನಾನು ಇವತ್ತಿಗೂ ಈ ಪದ ಕಂಡಾಗಲೆಲ್ಲ ಕೇಳಿಕೊಳ್ಳುತ್ತೇನೆ.

ಗಿಡ ಒಂದು ವಾರ ನಾಲ್ಕು ಇಂಚು ಬೆಳೆಯಿತು, ಮುಂದಿನ ವಾರ ಎರಡು ಇಂಚು ಬೆಳೆಯಿತು ಎನ್ನಿ. ಬೆಳವಣಿಗೆ ‘ಡಿಸೆಲರೇಟ್’ ಆಗಿದೆ. ಗಿಡ ಮಾತ್ರ ಆರು ಇಂಚು ಮೇಲೆ ಹೋಗಿದೆ. ಗಿಡ ಕುಗ್ಗಿಲ್ಲ. ‘ಬೆಳವಣಿಗೆ ನಿಧಾನವಾಗಿದೆ’ ಅಥವಾ ‘ಬೆಳವಣಿಗೆಯ ಬಿರುಸು ತಗ್ಗಿದೆ’ ಎಂಬುದು ಸರಿಯಾದ ಕನ್ನಡ.

ಹಣದುಬ್ಬರದ ಸುದ್ದಿಯಲ್ಲಿ ಇದು ಇನ್ನೂ ಕಷ್ಟ. ಯಾಕೆಂದರೆ ಹಣದುಬ್ಬರ ಎಂಬುದೇ ಒಂದು ವೇಗ. ಬೆಲೆ ಎಷ್ಟು ಬೇಗ ಏರುತ್ತಿದೆ ಎಂಬ ಅಳತೆ ಅದು. 100 ಇದ್ದ ಬೆಲೆ ಒಂದು ವರ್ಷದಲ್ಲಿ 110 ಆಯಿತು. ಮರುವರ್ಷ 115. ಅದರ ಮರುವರ್ಷ 117. ಮೊದಲ ವರ್ಷ ಏರಿಕೆ ನೂರಕ್ಕೆ 10. ಎರಡನೇ ವರ್ಷ ನೂರಕ್ಕೆ ನಾಲ್ಕೂವರೆ. ಮೂರನೇ ವರ್ಷ ನೂರಕ್ಕೆ ಎರಡೂ ಇಲ್ಲ. ಇಂಗ್ಲಿಷ್ ಪೇಪರ್ ‘ಇನ್‌ಫ್ಲೇಶನ್ ಡಿಸೆಲರೇಟೆಡ್’ ಎಂದು ಬರೆಯುತ್ತದೆ. ಅದು ಸರಿಯೇ. ಅದನ್ನು ಓದಿ ‘ಬೆಲೆ ಇಳಿದಿದೆ’ ಎಂದುಕೊಂಡರೆ ತಪ್ಪು. ಬೆಲೆ ಒಂದು ವರ್ಷವೂ ಇಳಿದಿಲ್ಲ. 100ರಿಂದ 117ಕ್ಕೆ ಹೋಗಿದೆ. ಹಣದುಬ್ಬರ ತಗ್ಗಿದೆ ಎಂದು ಸುದ್ದಿ ಬಂದ ದಿನವೇ ಅಂಗಡಿಗೆ ಹೋದವರು ‘ಎಲ್ಲಿ ತಗ್ಗಿದೆ?’ ಎಂದು ಕೇಳುವುದು ಇದಕ್ಕೇ. ಸುದ್ದಿಯೂ ಸುಳ್ಳಲ್ಲ, ಅವರ ಸಂಕಟವೂ ಸುಳ್ಳಲ್ಲ. ನಡುವೆ ಇರುವುದು ಈ ಒಂದು ಕ್ರಿಯಾಪದ.

ತಿರುಗಿಸಿ ನೋಡಿ. 100, 102, 105, 109 ಎಂದು ಹೋದರೆ ‘ಇನ್‌ಫ್ಲೇಶನ್ ಆಕ್ಸಿಲರೇಟೆಡ್’. ಇಲ್ಲಿ ಏರಿಕೆ ಎರಡು, ಆಮೇಲೆ ಮೂರು, ಆಮೇಲೆ ನಾಲ್ಕು. ಮೊದಲ ಎರಡು ವರ್ಷದ ಏರಿಕೆ ಮೇಲಿನ ಉದಾಹರಣೆಗಿಂತ ಸಣ್ಣದು. ಕೊನೆಗೆ ಬೆಲೆಯೂ ಅಲ್ಲಿಗಿಂತ ಕಡಿಮೆ. ಆದರೂ ‘ಆಕ್ಸಿಲರೇಟ್’ ಆಗುತ್ತಿರುವುದು ಇದೇ. ವಿಮಾನದ ಮಾತನ್ನು ಮತ್ತೆ ನೆನಪಿಸಿಕೊಳ್ಳಿ: ರನ್‌ವೇ ಮೇಲೆ ವೇಗ ಕಡಿಮೆ, ಬೆನ್ನಿಗೆ ಒತ್ತಡ ಜಾಸ್ತಿ.

ವಿಜ್ಞಾನದ ಮಂದಿ ಈ ಪದವನ್ನು ಹಿಡಿದು ಕಟ್ಟುನಿಟ್ಟು ಮಾಡಿದರು. ಬಿಟ್ಟ ಕಲ್ಲು ಬೀಳುತ್ತಾ ಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಎಷ್ಟು? ಗೆಲಿಲಿಯೋ ಕಾಲದಲ್ಲಿ ಸೆಕೆಂಡನ್ನು ಕರಾರುವಾಕ್ಕಾಗಿ ಅಳೆಯುವ ಗಡಿಯಾರ ಇರಲಿಲ್ಲ. ಆತ ಮರದ ತೊಲೆಯಲ್ಲಿ ನುಣುಪಾದ ಕಾಲುವೆ ಕೊರೆದು, ಅದನ್ನು ಓರೆಯಾಗಿ ಇಟ್ಟು, ಕಂಚಿನ ಗುಂಡು ಉರುಳಿಸಿದ. ಗುಂಡು ಉರುಳುವಷ್ಟು ಹೊತ್ತು ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ನೀರು ಬಿಟ್ಟ. ಬಿದ್ದ ನೀರನ್ನು ತೂಗಿದ. ನೀರಿನ ತೂಕವೇ ಹೊತ್ತಿನ ಅಳತೆ. ಸಮಾನ ಹೊತ್ತಿನ ಒಂದೊಂದು ತುಂಡಿನಲ್ಲಿ ಗುಂಡು ಸಾಗಿದ ದೂರ 1, 3, 5, 7 ಎಂದು ಬೆಸ ಸಂಖ್ಯೆಗಳ ಹಾಗೆ ಬೆಳೆಯುತ್ತದೆ ಎಂದು ಕಂಡುಕೊಂಡ. 1638ರಲ್ಲಿ ಪುಸ್ತಕದಲ್ಲಿ ಪ್ರಕಟಿಸಿದ. ಪ್ರತಿ ತುಂಡಿನಲ್ಲೂ ಹಿಂದಿನದಕ್ಕಿಂತ ಎರಡು ಪಾಲು ಜಾಸ್ತಿ. ಆ ‘ಎರಡು ಜಾಸ್ತಿ’ ಬದಲಾಗುವುದೇ ಇಲ್ಲ. ಈಗ ನಾವು ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ ಎನ್ನುತ್ತೇವೆ. ಗಾಳಿಯ ತಡೆ ಬಿಟ್ಟರೆ, ಒಂದು ಸೆಕೆಂಡ್ ಆದಾಗ 9.8, ಎರಡಾದಾಗ 19.6, ಮೂರಾದಾಗ 29.4. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ‘ವೇಗೋತ್ಕರ್ಷ’ ಎಂಬ ಹೆಸರಿದೆ. ನಾಲಿಗೆಗೆ ಸ್ವಲ್ಪ ಭಾರ, ಆದರೆ ಅರ್ಥ ಕರಾರುವಾಕ್ಕು.

ವಿಜ್ಞಾನದ ಪುಸ್ತಕಗಳಲ್ಲಿ ದಿಕ್ಕು ಬದಲಾದರೂ ‘ಆಕ್ಸಿಲರೇಶನ್’ ಎನ್ನುತ್ತಾರೆ, ವೇಗ ಕಡಿಮೆಯಾದರೂ ಋಣ ಚಿಹ್ನೆ ಹಾಕಿ ಹಾಗೇ ಕರೆಯುತ್ತಾರೆ. ಗಂಟೆಗೆ 40 ಕಿಲೋಮೀಟರಿನಲ್ಲೇ ಮುಳ್ಳು ನಿಂತಿದ್ದರೂ ತಿರುವಿನಲ್ಲಿ ಹೋಗುವ ಕಾರು ಅವರ ಪ್ರಕಾರ ‘ಆಕ್ಸಿಲರೇಟ್’ ಆಗುತ್ತಿದೆ. ಆಗ ನಮ್ಮ ಮೈ ಪಕ್ಕಕ್ಕೆ ವಾಲುತ್ತದಲ್ಲ, ಅದೇ ಸಾಕ್ಷಿ. ದಿನಬಳಕೆಯ ಇಂಗ್ಲಿಷಿನಲ್ಲಿ ಈ ಅರ್ಥ ಇಲ್ಲ. ಪರೀಕ್ಷೆಯಲ್ಲಿ ಒಂದು, ಮಾತಿನಲ್ಲಿ ಒಂದು ಎಂದು ಇಟ್ಟುಕೊಳ್ಳಿ.

ಈ ಪದ ಅತಿ ಸೊಗಸಾಗಿ ಕೂತ ವಾಕ್ಯ ಯಾವುದು ಎಂದು ಕೇಳಿದರೆ ನಾನು ಆಕಾಶದ ಕಡೆ ಕೈ ತೋರಿಸುತ್ತೇನೆ. ವಿಶ್ವ ಹಿಗ್ಗುತ್ತಿದೆ ಎಂಬುದು 1920ರ ದಶಕದ ಕೊನೆಗೇ ಗೊತ್ತಾಗಿತ್ತು. ಎಲ್ಲ ವಸ್ತುಗಳೂ ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಈ ಹಿಗ್ಗುವಿಕೆ ಕಾಲ ಕಳೆದಂತೆ ನಿಧಾನ ಆಗಬೇಕು ಎಂದು ಹೆಚ್ಚಿನವರು ನಂಬಿದ್ದರು. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ದೂರದ ಸ್ಫೋಟಗೊಂಡ ನಕ್ಷತ್ರಗಳನ್ನು ಅಳೆದು ಉಲ್ಟಾ ಉತ್ತರ ತಂದವು. ಹಿಗ್ಗುವ ವೇಗವೇ ಏರುತ್ತಿದೆ. ಅದನ್ನು ಇಂಗ್ಲಿಷಿನಲ್ಲಿ ‘ದ ಎಕ್ಸ್‌ಪಾನ್ಶನ್ ಈಸ್ ಆಕ್ಸಿಲರೇಟಿಂಗ್’ ಎಂದರು. ಸೋಲ್ ಪರ್ಲ್‌ಮಟರ್, ಬ್ರಿಯಾನ್ ಸ್ಮಿಟ್, ಆಡಮ್ ರೀಸ್ ಅವರಿಗೆ ಇದಕ್ಕಾಗಿ 2011ರ ನೊಬೆಲ್ ಬಂತು. ಆ ವಾಕ್ಯದಲ್ಲಿ ‘ಫಾಸ್ಟ್’ ಎಂಬ ಪದ ಹಾಕಿದ್ದರೆ ಸುದ್ದಿಯೇ ಇರುತ್ತಿರಲಿಲ್ಲ. ಇಡೀ ಸುದ್ದಿ ‘ಆಕ್ಸಿಲರೇಟಿಂಗ್’ ಎಂಬ ಒಂದೇ ಪದದಲ್ಲಿ ಇತ್ತು.

ಈಗ ನೀವು ಕೇಳಿದ ಅಣ್ಣತಮ್ಮಂದಿರು. ಎಲ್ಲರ ಮುಖವೂ ಒಂದೇ ಥರ ಕಂಡರೂ ಹುಟ್ಟು ಬೇರೆ, ಸ್ವಭಾವ ಬೇರೆ.

‘ಸ್ಪೀಡ್ ಅಪ್’ ಹೆಚ್ಚುಕಡಿಮೆ ‘ಆಕ್ಸಿಲರೇಟ್’ನ ಮನೆಯ ಉಡುಪು. ಮಾತಿನಲ್ಲಿ, ಗೆಳೆಯರಿಗೆ ಬರೆಯುವಾಗ ಅದೇ ಚೆಂದ. ‘ಸ್ಪೀಡ್’ ಎಂಬ ಹಳೆಯ ಇಂಗ್ಲಿಷ್ ಪದಕ್ಕೆ ಮೊದಲು ಏಳಿಗೆ, ಯಶಸ್ಸು ಎಂಬ ಅರ್ಥ ಇತ್ತು. ‘ಗಾಡ್‌ಸ್ಪೀಡ್’ ಎಂದು ಹಾರೈಸುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ದೇವರು ಜೋರಾಗಿ ಓಡಿಸಲಿ ಎಂದಲ್ಲ, ಒಳ್ಳೆಯದು ಮಾಡಲಿ ಎಂದು.

‘ಎಕ್ಸ್‌ಪಿಡೈಟ್’ ನನಗೆ ಬಹಳ ಇಷ್ಟದ ಪದ. ಲ್ಯಾಟಿನ್‌ನಲ್ಲಿ ‘ಪೆಸ್’ ಎಂದರೆ ಪಾದ. ‘ಎಕ್ಸ್’ ಎಂದರೆ ಹೊರಗೆ. ಸಿಕ್ಕಿಬಿದ್ದ ಕಾಲನ್ನು ಬಿಡಿಸುವುದು ಎಂಬುದು ಇದರ ಮೂಲ. ಕಾಲಿಗೆ ತೊಡಕು ಹಾಕುವುದು ‘ಇಂಪೀಡ್’. ಎರಡಕ್ಕೂ ಒಂದೇ ಪಾದ. ಈಗ ನಿಮ್ಮ ಅರ್ಜಿಯನ್ನು ನೋಡಿ. ಅದು ಓಡುತ್ತಿಲ್ಲ. ಎಲ್ಲೋ ಒಂದು ಮೇಜಿನ ಮೇಲೆ ಅದರ ಕಾಲು ಸಿಕ್ಕಿಕೊಂಡಿದೆ. ಓಡದೇ ಇರುವುದಕ್ಕೆ ವೇಗ ಏರಿಸಿ ಎಂದು ಹೇಗೆ ಕೇಳುವುದು? ಕಾಲು ಬಿಡಿಸಿ ಎಂದು ಕೇಳಬೇಕು. ಅರ್ಜಿ, ಆರ್ಡರ್, ವೀಸಾ, ಪಾವತಿ ಇಂಥವಕ್ಕೆ, ಅಂದರೆ ಕೈಯಿಂದ ಕೈಗೆ ದಾಟಬೇಕಾದ ಕೆಲಸಗಳಿಗೆ, ‘ಎಕ್ಸ್‌ಪಿಡೈಟ್’ ಎಂದು ಬಳಸುವುದು ಇದಕ್ಕೇ. ನಿಮ್ಮ ಜೊತೆಯವರ ಕಿವಿಗೆ ಕೊರೆದದ್ದು ಇದೇ ಇರಬೇಕು. ‘ಆಕ್ಸಿಲರೇಟ್’ ಎಂದು ಬರೆದದ್ದು ವ್ಯಾಕರಣದ ತಪ್ಪಲ್ಲ, ಅರ್ಥವೂ ಆಗುತ್ತದೆ. ಆದರೆ ಅದು ತನ್ನದೇ ಓಟ ಇರುವ ಸಂಗತಿಗಳಿಗೆ ಒಪ್ಪುವ ಪದ: ಬೆಳವಣಿಗೆ, ಸವೆತ, ಗುಣವಾಗುವುದು, ಕರಗುವುದು, ಒಂದು ದೊಡ್ಡ ಯೋಜನೆ. ಒಂದೇ ಒಂದು ಅರ್ಜಿಗೆ ಅದು ದೊಗಲೆ ಅಂಗಿ.

‘ಹೇಸನ್’ ಬರೆಯುವಾಗ ನಡುವೆ ‘ಟಿ’ ಇದೆ, ಹೇಳುವಾಗ ಇಲ್ಲ. ಇದರಲ್ಲಿ ಆತುರದ ವಾಸನೆ ಇದೆ. ಬರಲೇಬೇಕಾದದ್ದನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುವುದು. ಸಾವು, ಪತನ, ಅಂತ್ಯ ಇಂಥವುಗಳ ಜೊತೆ ಜಾಸ್ತಿ ಕಾಣುತ್ತದೆ: ಚಿಂತೆ ಅವರ ಸಾವನ್ನು ‘ಹೇಸನ್’ ಮಾಡಿತು ಎಂಬ ಹಾಗೆ. ‘ಐ ಹೇಸನ್ ಟು ಆ್ಯಡ್’ ಎಂಬ ಮಾತಿನಲ್ಲಿ ಮಾತ್ರ ‘ಕೂಡಲೇ ಇದನ್ನೂ ಹೇಳಿಬಿಡುತ್ತೇನೆ’ ಎಂಬ ಸೌಮ್ಯ ಅರ್ಥ. ‘ಪ್ರೆಸಿಪಿಟೇಟ್’ ಇದಕ್ಕಿಂತ ಒರಟು. ಮೂಲದಲ್ಲಿ ಅದು ತಲೆ ಮುಂದಾಗಿ ಕೆಳಕ್ಕೆ ಬೀಳುವುದು. ಬಿಕ್ಕಟ್ಟನ್ನು, ಯುದ್ಧವನ್ನು ‘ಪ್ರೆಸಿಪಿಟೇಟ್’ ಮಾಡುತ್ತಾರೆ, ಅಂದರೆ ಅಂಚಿನಲ್ಲಿದ್ದದ್ದನ್ನು ತಳ್ಳಿಬಿಡುತ್ತಾರೆ.

‘ಕ್ವಿಕನ್’ ಮೈಗೆ ಹತ್ತಿರದ ಪದ. ‘ಕ್ವಿಕ್’ಗೆ ಮೊದಲು ‘ಜೀವ ಇರುವ’ ಎಂಬ ಅರ್ಥ. ಉಗುರಿನ ಕೆಳಗಿನ ನೋಯುವ ಮಾಂಸಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ‘ಕ್ವಿಕ್’ ಎನ್ನುತ್ತಾರೆ, ಯಾಕೆಂದರೆ ಉಗುರಿಗೆ ಜೀವ ಇಲ್ಲ, ಅದರ ಕೆಳಗಿನದಕ್ಕೆ ಇದೆ. ಹಾಗಾಗಿ ಹೆಜ್ಜೆ, ನಾಡಿ, ಉಸಿರು ‘ಕ್ವಿಕನ್’ ಆಗುತ್ತವೆ. ಪ್ರೀತಿಸಿದವರನ್ನು ಕಂಡು ಎದೆಬಡಿತ ‘ಆಕ್ಸಿಲರೇಟ್’ ಆಯಿತು ಎಂದು ಬರೆದರೆ ಡಾಕ್ಟರ ಚೀಟಿ ಓದಿದ ಹಾಗಿರುತ್ತದೆ. ಕಥೆಯಲ್ಲಿ ‘ಕ್ವಿಕನ್’ ಇರಲಿ.

ದಿನಾಂಕದ ವಿಷಯದಲ್ಲಿ ಒಂದು ಗುಂಡಿ ಇದೆ, ಕಾಲು ಇಡುವ ಮುಂಚೆ ಹೇಳಿಬಿಡುತ್ತೇನೆ. ಮೀಟಿಂಗ್ ಹತ್ತನೇ ತಾರೀಕಿನಿಂದ ಏಳಕ್ಕೆ ಬಂತು ಎನ್ನಲು ‘ಆಕ್ಸಿಲರೇಟ್’ ಬೇಡ. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಅದು ‘ಮುಂದಕ್ಕೆ ತರು’. ಕನ್ನಡದಲ್ಲಿ ‘ಮುಂದೂಡು’ ಎಂದರೆ ತದ್ವಿರುದ್ಧ, ಏಳರಿಂದ ಹತ್ತಕ್ಕೆ ಹೋಗುವುದು. ಇಂಗ್ಲಿಷಿನ ಮುಂದು ನಮ್ಮ ಕಡೆಗೆ ಬರುತ್ತದೆ, ಕನ್ನಡದ ಮುಂದು ನಮ್ಮಿಂದ ದೂರ ಹೋಗುತ್ತದೆ. ಹಾಗಾಗಿ ಸಂಶಯ ಬಂದಾಗ ತಾರೀಕನ್ನೇ ಬರೆದುಬಿಡುವುದು ಕ್ಷೇಮ. ಸಾಲದ ಪತ್ರಗಳಲ್ಲಿ ಮಾತ್ರ ‘ಆಕ್ಸಿಲರೇಶನ್ ಕ್ಲಾಜ್’ ಎಂಬ ಷರತ್ತು ಇರುತ್ತದೆ. ಕಂತು ತಪ್ಪಿದರೆ ಉಳಿದ ಸಾಲವನ್ನೆಲ್ಲ ಒಂದೇ ಸಲ ಕೇಳುವ ಹಕ್ಕು ಸಾಲ ಕೊಟ್ಟವರಿಗೆ ಇರುತ್ತದೆ ಎಂದು. ಮುಂದೆಂದೋ ಕಟ್ಟಬೇಕಾದ ಹಣದ ದಿನ ಇವತ್ತಿಗೇ ಬಂದುಬಿಡುತ್ತದೆ. ಸಹಿ ಹಾಕುವ ಮುಂಚೆ ಆ ಪದ ಕಂಡರೆ ಒಂದು ಗಳಿಗೆ ನಿಂತು ಆ ಪ್ಯಾರಾ ಪೂರ್ತಿ ಓದಿ.

ಕನ್ನಡಕ್ಕೆ ತರುವಾಗ ಎಲ್ಲ ಕಡೆಗೂ ಒಂದೇ ಪದ ಹುಡುಕಬೇಡಿ. ‘ವೇಗ ಪಡೆದುಕೊಂಡಿದೆ’ ಎಂದು ಎಲ್ಲದಕ್ಕೂ ಅಂಟಿಸುವ ಅಭ್ಯಾಸ ಪೇಪರುಗಳಿಗೆ ಬಂದುಬಿಟ್ಟಿದೆ. ನಮ್ಮ ಭಾಷೆ ಅಷ್ಟು ಬಡವಲ್ಲ. ಕೆಲಸ ಚುರುಕಾಗುತ್ತದೆ. ಮಳೆ ಬಿರುಸಾಗುತ್ತದೆ. ನೀರಿಗೆ ರಭಸ ಬರುತ್ತದೆ. ಪ್ರಚಾರ ಕಾವೇರುತ್ತದೆ. ಎದೆಬಡಿತ ಜೋರಾಗುತ್ತದೆ. ಇವುಗಳಲ್ಲಿ ಎಲ್ಲ ಕಡೆ ಇಂಗ್ಲಿಷಿನವರು ‘ಆಕ್ಸಿಲರೇಟ್’ ಎನ್ನಲಿಕ್ಕಿಲ್ಲ, ಆದರೆ ಅವರು ಅದನ್ನು ಬಳಸಿದ ಕಡೆ ನಮಗೆ ಇವುಗಳಲ್ಲಿ ಒಂದು ಒದಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ‘ಆಕ್ಸಿಲರೇಟ್’ಗೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಇಲ್ಲ. ಗಾಯ ಮಾಯುವುದೂ ‘ಆಕ್ಸಿಲರೇಟ್’ ಆಗುತ್ತದೆ, ಹಿಮನದಿ ಕರಗುವುದೂ ಆಗುತ್ತದೆ. ನಮ್ಮ ‘ಚುರುಕು’ ಹಾಗಲ್ಲ. ಅದರಲ್ಲಿ ಮೆಚ್ಚುಗೆ ಇದೆ. ಚುರುಕಾದ ಹುಡುಗಿ ಎಂದರೆ ಹೊಗಳಿಕೆ. ಬಿಸಿಲು ಮುಪ್ಪನ್ನು ‘ಆಕ್ಸಿಲರೇಟ್’ ಮಾಡುತ್ತದೆ ಎಂಬುದನ್ನು ‘ಮುಪ್ಪು ಚುರುಕಾಗುತ್ತದೆ’ ಎಂದು ಬರೆದರೆ ಓದುವವರ ಮನಸ್ಸು ಒಪ್ಪುವುದಿಲ್ಲ. ‘ಬಿಸಿಲಿಗೆ ಚರ್ಮ ಬೇಗ ಮುಪ್ಪಾಗುತ್ತದೆ’ ಎನ್ನಿ. ‘ಬೇಗ’ ಎಂಬ ಪುಟ್ಟ ಪದ ಇಡೀ ಕ್ರಿಯಾಪದದ ಕೆಲಸ ಮಾಡಿ ಮುಗಿಸಿತು ನೋಡಿ.

ಹಾಗೆಯೇ ‘ಆಕ್ಸಿಲರೇಟೆಡ್’ ಮತ್ತು ‘ಆಕ್ಸಿಲರೇಟಿಂಗ್’ ಒಂದೇ ಅಲ್ಲ. ‘ಆಕ್ಸಿಲರೇಟೆಡ್ ಕೋರ್ಸ್’ ಎಂದರೆ ಎರಡು ವರ್ಷದ ಪಾಠವನ್ನು ಒಂದು ವರ್ಷಕ್ಕೆ ಅಡಕಗೊಳಿಸಿದ್ದು, ಒಂದೇ ಹದದಲ್ಲಿ ಬಿರುಸು. ‘ಆಕ್ಸಿಲರೇಟಿಂಗ್ ಚೇಂಜ್’ ಎಂದರೆ ಬದಲಾವಣೆಯ ಬಿರುಸೇ ದಿನದಿಂದ ದಿನಕ್ಕೆ ಏರುತ್ತಿರುವುದು. ಮೊದಲನೆಯದಕ್ಕೆ ‘ತ್ವರಿತ’ ಸರಿಹೋಗುತ್ತದೆ. ಎರಡನೆಯದಕ್ಕೆ ‘ಏರುತ್ತಲೇ ಇರುವ ವೇಗದ’ ಎಂದು ಬಿಡಿಸಿಯೇ ಹೇಳಬೇಕು.

ಇನ್ನು ನಿಮ್ಮ ಮೇಲ್. ‘ಕುಡ್ ಯು ಪ್ಲೀಸ್ ಎಕ್ಸ್‌ಪಿಡೈಟ್ ಮೈ ಅಪ್ಲಿಕೇಶನ್?’ ಎಂದು ಬದಲಿಸಿ. ‘ಎಕ್ಸ್‌ಪಿಡೈಟ್’ನಲ್ಲಿ ಒತ್ತು ಮೊದಲ ತುಂಡಿನ ಮೇಲೆ. ಆದರೆ ಒಂದು ತಿಂಗಳಿಂದ ಅಲುಗದೇ ಇರುವ ಅರ್ಜಿಗೆ ಇಷ್ಟೇ ಸಾಲುವುದಿಲ್ಲ ಎಂದು ನನ್ನ ಅನಿಸಿಕೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಅರ್ಜಿ ಕೊಟ್ಟ ತಾರೀಕು ಯಾವುದು, ಈಗ ಅದು ಯಾರ ಬಳಿ ನಿಂತಿದೆ, ನಿಮ್ಮಿಂದ ಯಾವುದಾದರೂ ಕಾಗದ ಬಾಕಿ ಇದೆಯೇ ಎಂದು. ಕಾಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾದರೆ ಬಿಡಿಸುವವರಿಗೂ ಸುಲಭ.